‘ದುಬುಲ ಇಬುನು’: ವರ್ಣಭೇದ ವಿರೋಧಿ ಹೋರಾಟದ ಹಾಡನ್ನು ಇಂದು ಹಾಡುವುದು ದ್ವೇಷ ಭಾಷಣವೇ?

ಪ್ರಶ್ನೆ ಕೇಳಿದವರು: ಹೈವೆಲ್ಡ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಮೂರು ವರ್ಷಗಳಿಂದ ಪ್ರಿಟೋರಿಯಾ ಪಕ್ಕದ ಸೆಂಚೂರಿಯನ್ನಿನಲ್ಲಿ ವಾಸವಾಗಿರುವ ನನಗೆ ಈ ದೇಶದ ರಾಜಕೀಯದಲ್ಲಿ ಅರ್ಥವಾಗದ ಸಂಗತಿಗಳು ಬಹಳ ಇವೆಯಾದರೂ, ಒಂದು ಹಾಡಿನ ವಿಚಾರ ಮಾತ್ರ ಬಿಟ್ಟೂ ಬಿಡದೆ ಕಾಡುತ್ತಿದೆ. ಇಂಗ್ಲಿಷ್ ಪತ್ರಿಕೆಗಳು ‘ಕಿಲ್ ದ ಬೋಯರ್’ ಎಂದು ಕರೆಯುವ ‘ದುಬುಲ ಇಬುನು’ (ಬೋಯರ್‌ಗೆ, ಅಂದರೆ ಡಚ್ ಮೂಲದ ಬಿಳಿಯನಿಗೆ, ಗುಂಡು ಹೊಡೆ) ಎಂಬ ಹೋರಾಟದ ಹಾಡು ಅದು. 2025ರ ಮೇ 21ರಂದು ಶ್ವೇತಭವನದಲ್ಲಿ ಅಧ್ಯಕ್ಷ ಟ್ರಂಪ್ ಅವರು ದಕ್ಷಿಣ ಆಫ್ರಿಕಾದ ಅಧ್ಯಕ್ಷ ಸಿರಿಲ್ ರಾಮಫೋಸಾ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೋಣೆಯ ದೀಪಗಳನ್ನು ತಗ್ಗಿಸಿ, ಎಕನಾಮಿಕ್ ಫ್ರೀಡಂ ಫೈಟರ್ಸ್ (ಇಎಫ್‌ಎಫ್) ಪಕ್ಷದ ನಾಯಕ ಜೂಲಿಯಸ್ ಮಲೇಮಾ ಈ ಹಾಡು ಹಾಡುವ ದೃಶ್ಯವನ್ನು ತೋರಿಸಿದ್ದು ನಿಮಗೂ ನೆನಪಿರಬಹುದು.

ಮರುದಿನ ಕಚೇರಿಯ ಊಟದ ಕೋಣೆಯಲ್ಲಿ ಇದೇ ಮಾತು ಬಂತು. ನಮ್ಮ ಜೊತೆಗಿದ್ದ ಇಬ್ಬರಲ್ಲಿ ಒಬ್ಬರು ಆಫ್ರಿಕಾನ್ಸ್ ಮನೆಮಾತಿನ ಆಫ್ರಿಕಾನರ್, ಅಂದರೆ ಇಲ್ಲಿನ ಡಚ್ ಮೂಲದ ಬಿಳಿಯರು. ಅವರ ತಂದೆ ತಾಯಿ ಫ್ರೀ ಸ್ಟೇಟ್ ಪ್ರಾಂತ್ಯದಲ್ಲಿ ಮೆಕ್ಕೆಜೋಳ ಬೆಳೆಯುತ್ತಾರೆ. ಅವರು ಏನೂ ಮಾತಾಡದೆ ಅರ್ಧ ಉಂಡ ಡಬ್ಬಿಯನ್ನು ಮುಚ್ಚಿಕೊಂಡು ಎದ್ದುಹೋದರು. ಇನ್ನೊಬ್ಬರ ತಂದೆ ವರ್ಣಭೇದದ ಕಾಲದಲ್ಲಿ ಗಡಿ ದಾಟಿ ಜಾಂಬಿಯಾದಲ್ಲಿ ವರ್ಷಗಟ್ಟಲೆ ದೇಶಭ್ರಷ್ಟರಾಗಿ ಬದುಕಿದವರಂತೆ. ‘ನಮ್ಮಪ್ಪ ಪಾತ್ರೆ ತೊಳೆಯುವಾಗಲೂ ಈ ಹಾಡನ್ನು ಗುನುಗುತ್ತಿದ್ದರು, ಅದನ್ನು ಕೊಲೆಯ ಹಾಡು ಎಂದು ಯಾರಾದರೂ ಕರೆದರೆ ನನ್ನ ಅಪ್ಪನನ್ನೇ ಕೊಲೆಗಾರ ಎಂದಂತೆ’ ಎಂದು ಅವರು ಹೇಳಿದರು.

ನನ್ನ ಪ್ರಶ್ನೆ ಇಷ್ಟೇ. ‘ಗುಂಡು ಹೊಡೆ’ ಎಂಬ ಕ್ರಿಯಾಪದವೂ ಒಂದು ಜನಾಂಗವನ್ನು ಹೆಸರಿಸುವ ನಾಮಪದವೂ ಒಟ್ಟೊಟ್ಟಿಗೆ ಇರುವ ಹಾಡು ದ್ವೇಷ ಭಾಷಣವಲ್ಲ ಎಂದು ಇಲ್ಲಿನ ನ್ಯಾಯಾಲಯಗಳು ಯಾವ ತರ್ಕದ ಮೇಲೆ ಹೇಳಿದವು? ಕಾನೂನಿನ ಮಾತು ಹಾಗಿರಲಿ, ವರ್ಣಭೇದ ಮುಗಿದು ಮೂವತ್ತು ವರ್ಷ ದಾಟಿದ ಮೇಲೂ ಇದನ್ನು ಸಭೆಗಳಲ್ಲಿ ಹಾಡುವುದು ಸರಿಯೇ? ದಯವಿಟ್ಟು ಈ ದೇಶದ ಇತಿಹಾಸ ಬಲ್ಲವರು ಉತ್ತರಿಸಿ. ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ತುಣುಕುಗಳು ನನ್ನ ಬಳಿ ಈಗಾಗಲೇ ಬೇಕಾದಷ್ಟಿವೆ.

ಉತ್ತರ: ಕಾನೂನು ಓದುಗ

ಇಲ್ಲಿನ ನ್ಯಾಯಾಲಯಗಳು ಮೊದಲಿನಿಂದಲೂ ಒಂದೇ ಮಾತು ಹೇಳಿವೆ ಎಂಬ ಭಾವನೆ ನಿಮ್ಮ ಪ್ರಶ್ನೆಯಲ್ಲಿದೆ. ಹಾಗಲ್ಲ; ಇದೇ ಹಾಡಿನ, ಇದೇ ಘೋಷಣೆಯ ಬಗ್ಗೆ ಇಪ್ಪತ್ತು ವರ್ಷಗಳಲ್ಲಿ ಒಂದಕ್ಕೊಂದು ವಿರುದ್ಧವಾದ ತೀರ್ಮಾನಗಳು ಬಂದಿವೆ, ಮತ್ತು ಆ ಬದಲಾವಣೆಗೆ ಕಾರಣವಿದೆ.

ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ (ಎಎನ್‌ಸಿ) ಯುವ ಘಟಕದ ನಾಯಕರಾಗಿದ್ದ ಪೀಟರ್ ಮೊಕಾಬಾ 2002ರಲ್ಲಿ ತೀರಿಕೊಂಡಾಗ ಅವರ ಅಂತ್ಯಕ್ರಿಯೆಯಲ್ಲಿ ‘ಬೋಯರ್‌ನನ್ನು ಕೊಲ್ಲಿ, ರೈತನನ್ನು ಕೊಲ್ಲಿ’ ಎಂಬ ಘೋಷಣೆ ಮೊಳಗಿತು. ಫ್ರೀಡಂ ಫ್ರಂಟ್ ಪಕ್ಷ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಟ್ಟಿತು, ಮತ್ತು 2003ರಲ್ಲಿ ಆಯೋಗದ ಮೇಲ್ಮನವಿ ಸಮಿತಿ ಅದನ್ನು ದ್ವೇಷ ಭಾಷಣವೆಂದೇ ತೀರ್ಮಾನಿಸಿತು. 2010ರಲ್ಲಿ, ಆಗ ಅದೇ ಯುವ ಘಟಕದ ಅಧ್ಯಕ್ಷರಾಗಿದ್ದ ಮಲೇಮಾ ‘ದುಬುಲ ಇಬುನು’ ಹಾಡಿದಾಗ ಆಫ್ರಿಕಾನರ್ ಹಿತರಕ್ಷಣೆಯ ಸಂಘಟನೆಯಾದ ಆಫ್ರಿಫೋರಮ್ ಸಮಾನತಾ ನ್ಯಾಯಾಲಯದ ಮೆಟ್ಟಿಲೇರಿತು. 2011ರ ಸೆಪ್ಟೆಂಬರ್ 12ರಂದು ನ್ಯಾಯಮೂರ್ತಿ ಕಾಲಿನ್ ಲ್ಯಾಮಂಟ್ ಅವರು ಹಾಡಿನ ಆ ಸಾಲುಗಳನ್ನು ದ್ವೇಷ ಭಾಷಣವೆಂದು ಸಾರಿ, ಮಲೇಮಾ ಅವರಿಗೂ ಪಕ್ಷಕ್ಕೂ ಅವನ್ನು ಹಾಡದಂತೆ ನಿರ್ಬಂಧ ವಿಧಿಸಿದರು. ಮೇಲ್ಮನವಿ ವಿಚಾರಣೆಗೆ ಬರುವ ಹೊತ್ತಿಗೆ, 2012ರಲ್ಲಿ, ಎರಡೂ ಕಡೆಯವರು ಮಧ್ಯಸ್ಥಿಕೆಯ ಮೂಲಕ ರಾಜಿಯಾದರು. ಕೆಲವು ಹೋರಾಟದ ಹಾಡುಗಳ ಕೆಲವು ಮಾತುಗಳು ಅಲ್ಪಸಂಖ್ಯಾತ ಸಮುದಾಯದವರಿಗೆ ನೋವುಂಟುಮಾಡಬಹುದೆಂದು ಎಎನ್‌ಸಿ ಒಪ್ಪಿಕೊಂಡು, ತನ್ನ ನಾಯಕರಿಗೂ ಬೆಂಬಲಿಗರಿಗೂ ಸಂಯಮದ ಬುದ್ಧಿವಾದ ಹೇಳುವುದಾಗಿ ಮಾತುಕೊಟ್ಟಿತು. ಈ ರಾಜಿಯನ್ನು ಈಗ ಎರಡೂ ಬಣದವರು ಮರೆತಂತೆ ನಟಿಸುತ್ತಾರೆ.

ಆ ಹೊತ್ತಿಗೆ ಮಲೇಮಾ ಪಕ್ಷದಿಂದ ಉಚ್ಚಾಟಿತರಾಗಿದ್ದರು. 2013ರಲ್ಲಿ ತಮ್ಮದೇ ಪಕ್ಷ ಕಟ್ಟಿದರು, ಹಾಡನ್ನೂ ಜೊತೆಯಲ್ಲೇ ಒಯ್ದರು. 2020ರ ಅಕ್ಟೋಬರ್‌ನಲ್ಲಿ ಫ್ರೀ ಸ್ಟೇಟಿನ ಸೆನೆಕಾಲ್ ಊರಿನ ನ್ಯಾಯಾಲಯದ ಮುಂದೆ, ಯುವ ಕೃಷಿ ವ್ಯವಸ್ಥಾಪಕರೊಬ್ಬರ ಕೊಲೆ ಮೊಕದ್ದಮೆಯ ಸಂದರ್ಭದಲ್ಲಿ, ಬಿಳಿಯ ರೈತರೂ ಇಎಫ್‌ಎಫ್ ಕಾರ್ಯಕರ್ತರೂ ಎದುರುಬದುರಾಗಿ ನಿಂತ ದಿನಗಳಲ್ಲಿ ಈ ಹಾಡು ಮತ್ತೆ ಕೇಳಿಬಂತು. ಆಫ್ರಿಫೋರಮ್ ಮತ್ತೆ ದಾವೆ ಹೂಡಿತು.

ಆದರೆ ಎರಡು ದಾವೆಗಳ ನಡುವೆ ಕಾನೂನೇ ಬದಲಾಗಿತ್ತು, ಮತ್ತು ನಿಮ್ಮ ಪ್ರಶ್ನೆಯ ಕೀಲಿಕೈ ಇರುವುದು ಇಲ್ಲಿಯೇ. ದಕ್ಷಿಣ ಆಫ್ರಿಕಾದ ಸಂವಿಧಾನದ 16ನೆಯ ವಿಧಿ ಅಭಿವ್ಯಕ್ತಿ ಸ್ವಾತಂತ್ರ್ಯವನ್ನು ಕೊಡುತ್ತದೆ. ಜನಾಂಗ, ಬುಡಕಟ್ಟು, ಲಿಂಗ ಅಥವಾ ಧರ್ಮದ ಆಧಾರದ ಮೇಲೆ ದ್ವೇಷವನ್ನು ಪ್ರತಿಪಾದಿಸಿ, ಹಾನಿಯೆಸಗಲು ಪ್ರಚೋದಿಸುವ ಮಾತಿಗೆ ಆ ರಕ್ಷಣೆ ಇಲ್ಲ. ಇದಕ್ಕೆ ಪೂರಕವಾಗಿ 2000ದಲ್ಲಿ ಬಂದ ಸಮಾನತಾ ಕಾಯ್ದೆಯ 10ನೆಯ ಕಲಮು ಇನ್ನೂ ಮುಂದೆ ಹೋಗಿ, ‘ನೋವುಂಟುಮಾಡುವ’ ಮಾತನ್ನೂ ದ್ವೇಷ ಭಾಷಣದ ವ್ಯಾಪ್ತಿಗೆ ಸೇರಿಸಿತ್ತು. ಜಾನ್ ಕ್ವೆಲಾನೆ ಎಂಬ ಪತ್ರಕರ್ತರು 2008ರಲ್ಲಿ ಸಲಿಂಗಿಗಳನ್ನು ಹೀಯಾಳಿಸಿ ಬರೆದ ಅಂಕಣದ ಮೊಕದ್ದಮೆಯಲ್ಲಿ ಸಂವಿಧಾನ ನ್ಯಾಯಾಲಯ 2021ರ ಜುಲೈನಲ್ಲಿ ತೀರ್ಪಿತ್ತು, ‘ನೋವುಂಟುಮಾಡುವ’ ಎಂಬ ಮಾನದಂಡ ತೀರಾ ಅಸ್ಪಷ್ಟವೆಂದು ಅದನ್ನು ತೆಗೆದುಹಾಕಿತು. ಕ್ವೆಲಾನೆ ಅವರ ಅಂಕಣ ಹೊಸ ಮಾನದಂಡದ ಪ್ರಕಾರವೂ ದ್ವೇಷ ಭಾಷಣವೇ ಆಯಿತು, ಅದು ಬೇರೆ ಮಾತು. ಆದರೆ ಅಂದಿನಿಂದ ಒಂದು ಮಾತು ಹಾನಿಗೆ ಪ್ರಚೋದಿಸುವ ಅಥವಾ ಹಾನಿಕಾರಕವಾಗಿರುವ ಉದ್ದೇಶವನ್ನೂ ದ್ವೇಷ ಹರಡುವ ಉದ್ದೇಶವನ್ನೂ ತೋರಿಸುತ್ತದೆಂದು ಒಬ್ಬ ಸಮಂಜಸ ವ್ಯಕ್ತಿಗೆ ಅನ್ನಿಸಬೇಕು. ಎರಡೂ ಕೂಡಿಯೇ ಇರಬೇಕು. ಬರಿಯ ನೋವು ಸಾಲದು.

ಈ ಹೊಸ ಮಾನದಂಡವನ್ನು ಹಿಡಿದು ನ್ಯಾಯಮೂರ್ತಿ ಎಡ್ವಿನ್ ಮೊಲಾಹ್ಲೇಹಿ ಅವರು 2022ರ ಆಗಸ್ಟ್ 25ರಂದು ದಾವೆಯನ್ನು ವಜಾ ಮಾಡಿದರು. ಹಾಡಿಗೂ ಕೃಷಿಭೂಮಿಗಳಲ್ಲಿ ನಡೆಯುವ ಕೊಲೆಗಳಿಗೂ ಕಾರ್ಯಕಾರಣ ಸಂಬಂಧವಿದೆಯೆಂದು ಆಫ್ರಿಫೋರಮ್ ಸಾಬೀತುಪಡಿಸಲಾಗಲಿಲ್ಲ ಎಂಬುದು ಅವರ ಮುಖ್ಯ ಕಾರಣಗಳಲ್ಲಿ ಒಂದು. 2024ರ ಮೇ 28ರಂದು ಬ್ಲೂಮ್‌ಫಾಂಟೇನಿನ ಸುಪ್ರೀಂ ಮೇಲ್ಮನವಿ ನ್ಯಾಯಾಲಯ ಇದನ್ನು ಎತ್ತಿಹಿಡಿದು, ಸಾಕಷ್ಟು ತಿಳಿವಳಿಕೆಯುಳ್ಳ ಸಮಂಜಸ ಕೇಳುಗನಿಗೆ ಇಲ್ಲಿ ಮಲೇಮಾ ನಿಜವಾಗಿ ರೈತರ ಮೇಲೆ ಗುಂಡು ಹಾರಿಸಲು ಕರೆಕೊಡುತ್ತಿಲ್ಲ, ಚಾರಿತ್ರಿಕ ಹೋರಾಟದ ಹಾಡೊಂದನ್ನು ಅದರ ಅಂಗಾಭಿನಯದ ಸಮೇತ, ತಮ್ಮ ಪಕ್ಷದ ರಾಜಕೀಯಕ್ಕಾಗಿ ಕೆಣಕುವ ರೀತಿಯಲ್ಲಿ ಬಳಸುತ್ತಿದ್ದಾರೆ ಎಂದು ಅರ್ಥವಾಗುತ್ತದೆ ಎಂದಿತು. 2025ರ ಮಾರ್ಚ್ 27ರಂದು ಸಂವಿಧಾನ ನ್ಯಾಯಾಲಯ ಮುಂದಿನ ಮೇಲ್ಮನವಿಗೆ ಅನುಮತಿ ನಿರಾಕರಿಸಿತು.

ನ್ಯಾಯಾಲಯ ಹಾಡನ್ನು ಹೊಗಳಲಿಲ್ಲ, ‘ಹಾಡಿ’ ಎಂದೂ ಹೇಳಲಿಲ್ಲ. ಕಾನೂನು ತಡೆಯುವ ಮಟ್ಟಕ್ಕೆ ಇದು ಮುಟ್ಟುವುದಿಲ್ಲ ಎಂದಷ್ಟೇ ಹೇಳಿತು. ನಿಮ್ಮ ಎರಡನೆಯ ಪ್ರಶ್ನೆಗೆ ಆ ತೀರ್ಪುಗಳಲ್ಲಿ ಉತ್ತರ ಹುಡುಕಬೇಡಿ.

ಉತ್ತರ: ಪದಮೂಲ

ಭಾಷೆಯ ಕಡೆಯಿಂದ ಒಂದೆರಡು ಮಾತು ಸೇರಿಸುತ್ತೇನೆ. ಹಾಡು, ಘೋಷಣೆ ಎರಡನ್ನೂ ಒಂದೇ ಎಂಬಂತೆ ಪತ್ರಿಕೆಗಳು ಬರೆಯುತ್ತವೆಯಾದರೂ ಅವು ಬೇರೆಬೇರೆ. ‘ಕೊಲ್ಲಿ’ ಎಂಬ ಇಂಗ್ಲಿಷ್ ಘೋಷಣೆ ಪೀಟರ್ ಮೊಕಾಬಾ ಅವರ ಹೆಸರಿಗೆ ಅಂಟಿಕೊಂಡಿದ್ದು 1993ರಲ್ಲಿ, ಕಮ್ಯುನಿಸ್ಟ್ ಪಕ್ಷದ ನಾಯಕ ಕ್ರಿಸ್ ಹಾನಿ ಹತ್ಯೆಯಾದ ಮೇಲಿನ ಸಭೆಯಿಂದ. ಹಾನಿ ಅವರನ್ನು ಆ ವರ್ಷದ ಏಪ್ರಿಲ್ 10ರಂದು ಅವರ ಮನೆಯ ಮುಂದೆಯೇ ಬಲಪಂಥೀಯ ವಲಸಿಗನೊಬ್ಬ ಗುಂಡಿಟ್ಟು ಕೊಂದಿದ್ದ; ದೇಶ ಅಂತರ್ಯುದ್ಧದ ಅಂಚಿನಲ್ಲಿತ್ತು. ಹಾಡಾದರೋ ಅದಕ್ಕಿಂತ ಹಿಂದಿನದು, ಕೊಸಾ ಮತ್ತು ಜುಲು ಭಾಷೆಗಳದು. ‘ಅಯಸಾಬ ಅಮಗ್ವಾಲ’ ಎಂದು ಮುಂದಾಳು ಎತ್ತಿಕೊಡುತ್ತಾನೆ, ಅಂದರೆ ‘ಹೇಡಿಗಳು ಹೆದರಿದ್ದಾರೆ’ ಎಂದು. ಗುಂಪು ‘ದುಬುಲ’ ಎಂದು ದನಿಗೂಡಿಸುತ್ತದೆ. ನಮ್ಮ ಮುಮ್ಮೇಳ ಹಿಮ್ಮೇಳದ ಕ್ರಮವೇ ಎನ್ನಿ. ಜೊತೆಗೆ ಟೋಯಿ ಟೋಯಿ ಕುಣಿತ: ಮೊಣಕಾಲನ್ನು ಎದೆಮಟ್ಟಕ್ಕೆ ಎತ್ತಿ ನೆಲ ಒದೆಯುತ್ತ ಸಾಗುವ ಆ ಹೆಜ್ಜೆ ಗೆರಿಲ್ಲಾ ತರಬೇತಿ ಶಿಬಿರಗಳಿಂದ ಬಂದದ್ದು.

‘ಇಬುನು’ ಎಂಬುದು ‘ಬೋಯರ್’ ಎಂಬ ಡಚ್ ಮೂಲದ ಪದದ ಆಫ್ರಿಕನ್ ರೂಪ. ಆಫ್ರಿಕಾನ್ಸ್‌ನಲ್ಲಿ ಬೋಯರ್ ಎಂದರೆ ಬೇಸಾಯಗಾರ. ತಮ್ಮ ಜನಾಂಗದ ಹೆಸರಾಗಿಯೂ ಅವರು ಅದನ್ನು ಹೆಮ್ಮೆಯಿಂದ ಬಳಸುತ್ತಾರೆ. ಆದರೆ ಕರಿಯರ ಬಡಾವಣೆಗಳಲ್ಲಿ ಆ ಪದಕ್ಕೆ ಇನ್ನೊಂದು ಅರ್ಥ ಬೆಳೆದಿತ್ತು. ರಾತ್ರಿ ಬಾಗಿಲು ಒದ್ದು, ಕರಿಯರು ಸದಾ ಇಟ್ಟುಕೊಂಡಿರಬೇಕಿದ್ದ ಗುರುತಿನ ಪಾಸು ಕೇಳುವ ಪೊಲೀಸನೂ, ಬಂದೂಕು ಹಿಡಿದು ಕ್ಯಾಸ್ಪಿರ್ ಎಂಬ ಕವಚವಾಹನದ ಮೇಲೆ ನಿಂತ ಸೈನಿಕನೂ, ಒಟ್ಟಾರೆ ಆಳುವ ವ್ಯವಸ್ಥೆಯೂ ‘ಬುನು’ವೇ ಆಗಿತ್ತು. 2011ರ ವಿಚಾರಣೆಯಲ್ಲಿ ಕವಿ ಮೊಂಗಾನೆ ವಾಲಿ ಸೆರೋಟೆ ಸಾಕ್ಷಿಕಟ್ಟೆಯಲ್ಲಿ ನಿಂತು ಈ ಹಾಡುಗಳ ಹಿನ್ನೆಲೆಯನ್ನು ವಿವರಿಸಬೇಕಾಗಿ ಬಂದದ್ದು, ಪದಕೋಶದ ಅರ್ಥವನ್ನು ಹಿಡಿದರೆ ಹಾಡು ಕೈಗೆ ಸಿಗುವುದಿಲ್ಲ ಎಂಬ ಕಾರಣಕ್ಕೆ.

ನಮ್ಮ ಹಳ್ಳಿಯ ಅಜ್ಜಿ ಮೊಮ್ಮಗನಿಗೆ ‘ನಿನ್ನ ಹೆಣ ಎತ್ತ’ ಎನ್ನುತ್ತಾಳೆ. ಆ ಮಾತನ್ನು ಪದಕ್ಕೆ ಪದವಿಟ್ಟು ಅನುವಾದಿಸಿ ಪರದೇಶದ ನ್ಯಾಯಾಧೀಶರ ಮುಂದಿಟ್ಟರೆ, ಮಗುವನ್ನು ಅಜ್ಜಿಯಿಂದ ಬೇರ್ಪಡಿಸಿ ಎಂದು ಅವರು ಆದೇಶ ಬರೆದಾರು.

ಹೋರಾಟಕ್ಕೆ ಹಾಡು ಏನಾಗಿತ್ತು ಎಂಬುದಕ್ಕೆ ವುಯಿಸಿಲೆ ಮಿನಿ ಅವರ ಬದುಕೇ ಸಾಕು. ಪೋರ್ಟ್ ಎಲಿಜಬೆತ್ತಿನ ಕಾರ್ಮಿಕ ನಾಯಕರಾಗಿದ್ದ ಅವರು, ವರ್ಣಭೇದದ ಶಿಲ್ಪಿಯಾದ ಪ್ರಧಾನಿ ಫೆರ್ವೂರ್ಟ್ ಅವರನ್ನು ಉದ್ದೇಶಿಸಿ ‘ನೋಡು, ಕರಿಯ ಬರುತ್ತಿದ್ದಾನೆ’ ಎಂಬ ಹಾಡು ಕಟ್ಟಿದರು. 1964ರ ನವೆಂಬರ್ 6ರಂದು ಪ್ರಿಟೋರಿಯಾದ ಸೆರೆಮನೆಯಲ್ಲಿ ಇನ್ನಿಬ್ಬರು ಸಂಗಾತಿಗಳೊಡನೆ ಗಲ್ಲಿಗೇರುವಾಗ ಅವರು ಹಾಡುತ್ತಲೇ ಹೋದರು. ಪತ್ರಿಕೆ, ಸಭೆ, ಪಕ್ಷ ಎಲ್ಲಕ್ಕೂ ನಿಷೇಧವಿದ್ದ ಆ ಕಾಲದಲ್ಲಿ ಜಫ್ತಿ ಮಾಡಲಾಗದ ಒಂದೇ ವಸ್ತು ಹಾಡಾಗಿತ್ತು. ಇಂದು ಆ ಹಾಡುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನ್ಯಾಯಾಲಯದಲ್ಲಿ ಕುಳಿತು ಆರಿಸುವುದು ನನಗಂತೂ ಒಪ್ಪಿಗೆಯಾಗುವುದಿಲ್ಲ.

ಉತ್ತರ: ಒಪ್ಪದವ

ಪದಮೂಲ ಅವರೇ, ಅಜ್ಜಿಯ ಉದಾಹರಣೆ ಸೊಗಸಾಗಿದೆ, ಆದರೆ ಅದು ನಿಮ್ಮ ವಾದಕ್ಕೇ ಎದುರು ನಿಲ್ಲುತ್ತದೆ. ಅಜ್ಜಿಯ ಮಾತು ಮೊಮ್ಮಗನಿಗೆ ಬೈಗುಳವಾಗಿ ಕೇಳಿಸದಿರುವುದು ಆಕೆಯ ಮಡಿಲು ಅವನಿಗೆ ಗೊತ್ತಿರುವುದರಿಂದ. ಅದೇ ಮೂರು ಪದಗಳನ್ನು ಊರ ಗೌಡ ಕೂಲಿಯಾಳಿಗೆ ಹೇಳಿದರೆ ಅರ್ಥ ಬೇರೆಯಾಗುತ್ತದೆ. ತೊಂಬತ್ತು ಸಾವಿರ ಜನ ಹಿಡಿಸುವ ಕ್ರೀಡಾಂಗಣದಲ್ಲಿ, 2023ರ ಜುಲೈನಲ್ಲಿ ಪಕ್ಷದ ಹತ್ತನೆಯ ವಾರ್ಷಿಕೋತ್ಸವದಂದು, ಬಂದೂಕಿನ ಸದ್ದನ್ನು ಬಾಯಲ್ಲಿ ಅನುಕರಿಸುತ್ತ ಈ ಹಾಡು ಹಾಡಿದ ನಾಯಕನಿಗೂ, ಅದನ್ನು ದೂರದರ್ಶನದಲ್ಲಿ ಕಂಡ ಫ್ರೀ ಸ್ಟೇಟಿನ ಒಂಟಿಮನೆಯ ರೈತ ಕುಟುಂಬಕ್ಕೂ ನಡುವೆ ಅಂಥ ಮಡಿಲು ಎಲ್ಲಿದೆ?

ಘೋಷಣೆಗಳೆಲ್ಲ ಬರಿಯ ಸಂಕೇತ ಎಂಬುದೂ ಪೂರ್ತಿ ನಿಜವಲ್ಲ. 1993ರ ಆಗಸ್ಟ್ 25ರಂದು ಕೇಪ್‌ಟೌನಿನ ಗುಗುಲೆತುವಿನಲ್ಲಿ ಏಮಿ ಬೀಲ್ ಎಂಬ ಅಮೆರಿಕನ್ ವಿದ್ಯಾರ್ಥಿನಿಯನ್ನು ಗುಂಪೊಂದು ಕಾರಿನಿಂದ ಎಳೆದು ಕೊಂದಿತು. ಆಕೆ ವರ್ಣಭೇದವನ್ನು ವಿರೋಧಿಸುತ್ತಿದ್ದವಳೇ, ಕರಿಯ ಗೆಳೆಯರನ್ನು ಮನೆಗೆ ಬಿಡಲು ಹೋಗಿದ್ದವಳೇ. ಆ ಗುಂಪು ಕೂಗುತ್ತಿದ್ದದ್ದು ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್ ಬಣದ ‘ಒಬ್ಬ ವಲಸಿಗ, ಒಂದು ಗುಂಡು’ ಎಂಬ ಘೋಷಣೆಯನ್ನು. ಇದು ಬೇರೆ ಪಕ್ಷದ ಬೇರೆ ಘೋಷಣೆ ಎಂದು ನೀವು ಹೇಳಬಹುದು, ಒಪ್ಪುತ್ತೇನೆ. ಹಾಗಾದರೆ ‘ಉಮ್ಶಿನಿ ವಾಮಿ’ಯನ್ನು ತೆಗೆದುಕೊಳ್ಳಿ. ‘ನನ್ನ ಮಷಿನ್‌ಗನ್ ತಂದುಕೊಡು’ ಎಂಬ ಈ ಹಾಡು ಎಎನ್‌ಸಿಯ ಸಶಸ್ತ್ರ ದಳದ್ದು; ಮುಂದೆ ದೇಶದ ಅಧ್ಯಕ್ಷರಾದ ಜೇಕಬ್ ಜುಮಾ ಅದನ್ನು ತಮ್ಮ ಚುನಾವಣಾ ಹಾಡಾಗಿಯೇ ಮಾಡಿಕೊಂಡರು. 2008ರ ಮೇ ತಿಂಗಳಲ್ಲಿ ಜೊಹಾನ್ಸ್‌ಬರ್ಗಿನ ಬಡಾವಣೆಗಳಲ್ಲಿ ಜಿಂಬಾಬ್ವೆ, ಮೊಜಾಂಬಿಕ್ ಮೊದಲಾದ ದೇಶಗಳ ವಲಸಿಗರ ಮೇಲೆ ದಾಳಿ ಮಾಡಿದ ಗುಂಪುಗಳು ಹಾಡುತ್ತಿದ್ದದ್ದು ಇದನ್ನೇ. ಆ ಗಲಭೆಗಳಲ್ಲಿ 62 ಜನ ಸತ್ತರು. ವರ್ಣಭೇದದ ವಿರುದ್ಧ ಹುಟ್ಟಿದ ಹಾಡು ಹಸಿದ ವಲಸಿಗನ ವಿರುದ್ಧ ತಿರುಗಿತು, ಮತ್ತು ಆ ಹಾಡಿನ ಮೂಲ ಅರ್ಥವನ್ನು ಅವನಿಗೆ ತಿಳಿಹೇಳಲು ಯಾವ ಪ್ರಾಧ್ಯಾಪಕರೂ ಅಲ್ಲಿರಲಿಲ್ಲ.

ಇನ್ನು ಮಲೇಮಾ ಅವರ ಉದ್ದೇಶದ ಮಾತು. 2016ರಲ್ಲಿ ನ್ಯೂಕಾಸಲ್ ಊರಿನಲ್ಲಿ ಅವರು, ಬಿಳಿಯರನ್ನು ಕಡಿದುಹಾಕಿ ಎಂದು ತಾವು ಕರೆಕೊಡುತ್ತಿಲ್ಲ, ‘ಸದ್ಯಕ್ಕಂತೂ’ ಇಲ್ಲ ಎಂದಿದ್ದರು. ಆ ‘ಸದ್ಯಕ್ಕಂತೂ’ ಎಂಬ ಪದವನ್ನು ಕೇಳಿದ ಮೇಲೂ ಹಾಡನ್ನು ಬರಿಯ ಪರಂಪರೆ ಎನ್ನಬೇಕಾದರೆ ತುಂಬ ವಿಶಾಲ ಹೃದಯ ಬೇಕು.

ಕಾನೂನು ಓದುಗ ಅವರಿಗೆ ಒಂದು ಪ್ರಶ್ನೆ. ವರ್ಣಭೇದದ ಕಾಲದ ಹಳೆಯ ಕಿತ್ತಳೆ, ಬಿಳಿ, ನೀಲಿ ಬಣ್ಣದ ರಾಷ್ಟ್ರಧ್ವಜವನ್ನು ಸಾರ್ವಜನಿಕವಾಗಿ ಹಾರಿಸುವುದು ದ್ವೇಷ ಭಾಷಣವೆಂದು ಇದೇ ನ್ಯಾಯಾಲಯಗಳು ಹೇಳಿವೆ. ಬಟ್ಟೆಯ ತುಂಡು ದ್ವೇಷವಾಗುತ್ತದೆ, ‘ಗುಂಡು ಹೊಡೆ’ ಆಗುವುದಿಲ್ಲ. ಇದು ಯಾವ ನ್ಯಾಯ?

ಪ್ರತಿಕ್ರಿಯೆ: ಕಾನೂನು ಓದುಗ

ಪ್ರಶ್ನೆ ನ್ಯಾಯವಾದದ್ದೇ. 1928ರಿಂದ 1994ರವರೆಗೆ ಇದ್ದ ಆ ಧ್ವಜದ ಬಗ್ಗೆ ನೆಲ್ಸನ್ ಮಂಡೇಲಾ ಪ್ರತಿಷ್ಠಾನ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಫಿನಿಯಾಸ್ ಮೊಜಪೆಲೊ 2019ರಲ್ಲಿ ತೀರ್ಪು ಕೊಟ್ಟರು, 2023ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಸಾರ್ವಜನಿಕ ಪ್ರದರ್ಶನದ ಮಟ್ಟಿಗೆ ಅದನ್ನು ಎತ್ತಿಹಿಡಿಯಿತು. ನಿಷೇಧವಿರುವುದು ವಿನಾಕಾರಣ ಪ್ರದರ್ಶನಕ್ಕೆ. ಕಲೆ, ವಿದ್ಯಾಭ್ಯಾಸ, ವರದಿಗಾರಿಕೆಗಾಗಿ ತೋರಿಸಲು ಅಡ್ಡಿಯಿಲ್ಲ. ನ್ಯಾಯಾಲಯದ ತರ್ಕದಲ್ಲಿ ಆ ಧ್ವಜ ಬಿಳಿಯರ ಮೇಲುಗೈಯನ್ನು ಬಿಟ್ಟು ಬೇರೇನನ್ನೂ ಪ್ರತಿನಿಧಿಸುವುದಿಲ್ಲ, ಹಾಡಿಗಾದರೆ ದಬ್ಬಾಳಿಕೆಯನ್ನು ಎದುರಿಸಿದ ಚರಿತ್ರೆಯಿದೆ. ತರ್ಕ ನಿಲ್ಲುತ್ತದೆ ಎಂದೇ ನನ್ನ ಅಭಿಪ್ರಾಯ, ಆದರೆ ಎರಡೂ ತೀರ್ಪುಗಳನ್ನು ಒಟ್ಟಿಗೆ ಓದಿದ ಆಫ್ರಿಕಾನರ್ ಒಬ್ಬರಿಗೆ ತಕ್ಕಡಿ ಒಂದು ಕಡೆ ವಾಲಿದಂತೆ ಕಂಡರೆ ಅವರನ್ನು ಮೂರ್ಖರೆನ್ನಲಾರೆ.

ಮಲೇಮಾ ಅವರ ವಿಚಾರದಲ್ಲಿ ಒಂದು ಸಂಗತಿಯನ್ನು ಗಮನಿಸಿ. 2025ರ ಆಗಸ್ಟ್ 27ರಂದು ಪಶ್ಚಿಮ ಕೇಪಿನ ಸಮಾನತಾ ನ್ಯಾಯಾಲಯ ಅವರನ್ನು ದ್ವೇಷ ಭಾಷಣದ ತಪ್ಪಿತಸ್ಥರೆಂದು ತೀರ್ಮಾನಿಸಿತು. ಅದು ಹಾಡಿಗಾಗಿ ಅಲ್ಲ, 2022ರ ಸಭೆಯೊಂದರಲ್ಲಿ ಕೊಲ್ಲಲು ಹೆದರಬಾರದು, ಕ್ರಾಂತಿ ಒಂದು ಹಂತದಲ್ಲಿ ಕೊಲ್ಲುವುದನ್ನು ಬೇಡುತ್ತದೆ ಎಂಬರ್ಥದಲ್ಲಿ ಆಡಿದ ನೇರ ಮಾತಿಗಾಗಿ. ವ್ಯಕ್ತಿ ಒಬ್ಬರೇ, ಕಾನೂನು ಒಂದೇ. ಹಾಡು ದಾಟದ ಗೆರೆಯನ್ನು ಭಾಷಣ ದಾಟಿತು. ನ್ಯಾಯಾಲಯಗಳು ಅವರಿಗೆ ಸದಾ ರಿಯಾಯಿತಿ ಕೊಡುತ್ತವೆ ಎಂಬ ದೂರಿಗೆ ಇದಕ್ಕಿಂತ ನೇರ ಉತ್ತರ ಬೇಕಿಲ್ಲ.

ಉತ್ತರ: ಡರ್ಬನ್ ಹಳಬ

ಇಪ್ಪತ್ತೆಂಟು ವರ್ಷ ಡರ್ಬನ್ನಿನಲ್ಲಿದ್ದು ಈಗ ಮೈಸೂರಿಗೆ ಮರಳಿರುವ ನಾನು ಈ ಚರ್ಚೆಯಲ್ಲಿ ಯಾರೂ ಎತ್ತದ ಒಂದು ಹಾಡನ್ನು ನೆನಪಿಸಬೇಕು. 2002ರಲ್ಲಿ ಹೆಸರಾಂತ ನಾಟಕಕಾರ ಎಂಬೊಂಗೇನಿ ಎನ್ಗೇಮಾ ‘ಅಮನ್ದಿಯಾ’ ಎಂಬ ಜುಲು ಹಾಡನ್ನು ಹೊರತಂದರು. ಹೆಸರಿನ ಅರ್ಥ ‘ಭಾರತೀಯರು’. ಭಾರತೀಯರು ಜುಲು ಜನರನ್ನು ಹಿಂಡುತ್ತಿದ್ದಾರೆ, ಅವರನ್ನು ಎದುರಿಸುವ ಗಂಡಸರು ಬೇಕು ಎಂಬ ಧಾಟಿ ಅದರದು. ಮಂಡೇಲಾ ಅವರೇ ಕ್ಷಮೆ ಕೇಳುವಂತೆ ಸೂಚಿಸಿದರು. ಪ್ರಸಾರ ದೂರುಗಳ ಆಯೋಗ ಅದನ್ನು ದ್ವೇಷ ಭಾಷಣವೆಂದು ಪರಿಗಣಿಸಿ, ಗಂಭೀರ ಚರ್ಚೆಯ ಕಾರ್ಯಕ್ರಮಗಳನ್ನು ಬಿಟ್ಟು ಬೇರೆಲ್ಲೂ ಬಾನುಲಿಯಲ್ಲಿ ಹಾಕಬಾರದೆಂದಿತು.

ನಮ್ಮ ಬೀದಿಯಲ್ಲಿದ್ದ ಹಿರಿಯರಿಗೆ 1949ರ ಜನವರಿಯ ಗಲಭೆ ನೆನಪಿತ್ತು. ಆಗ ಡರ್ಬನ್ನಿನಲ್ಲಿ ಭಾರತೀಯರ ಅಂಗಡಿ ಮನೆಗಳು ಉರಿದು, 142 ಜನ ಸತ್ತಿದ್ದರು. ಅವರಲ್ಲಿ ಹೆಚ್ಚಿನವರು ಆಫ್ರಿಕನ್ನರೇ ಆಗಿದ್ದರೂ ಆ ಮೂರು ದಿನಗಳ ಭಯ ಭಾರತೀಯ ಮನೆಗಳಲ್ಲಿ ಅಡಿಗೆಯ ಒಗ್ಗರಣೆಯಂತೆ ಬೆರೆತು ಉಳಿದಿತ್ತು. ಎನ್ಗೇಮಾ ಅವರು ತಾವು ಚರ್ಚೆ ಹುಟ್ಟುಹಾಕಲೆಂದು ಬರೆದದ್ದು ಎಂದರು. ಇದ್ದರೂ ಇರಬಹುದು. ಆದರೆ ಆ ಹಾಡಿನ ಕ್ಯಾಸೆಟ್ಟು ಟ್ಯಾಕ್ಸಿಯಲ್ಲಿ ಹಾಕಿದ ದಿನ, ಅದರೊಳಗೆ ಕುಳಿತಿದ್ದ ಒಬ್ಬನೇ ಭಾರತೀಯ ನಾನಾಗಿದ್ದೆ. ಹಾಡಿನ ಅರ್ಥ ಕಟ್ಟಿದವನ ಮನಸ್ಸಿನಲ್ಲಿದೆಯೋ ಕೇಳಿದವನ ಹೊಟ್ಟೆಯಲ್ಲಿದೆಯೋ ಎಂಬ ಪ್ರಶ್ನೆ ಆ ದಿನ ನನಗೆ ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

ಹಾಗೆಂದು ಎರಡನ್ನೂ ಒಂದೇ ತಕ್ಕಡಿಗೆ ಹಾಕಲಾರೆ. ‘ಅಮನ್ದಿಯಾ’ ಪ್ರಜಾಪ್ರಭುತ್ವ ಬಂದ ಮೇಲೆ ನೆರೆಹೊರೆಯವರ ಮೇಲೆ ಹೊಸದಾಗಿ ಕಟ್ಟಿದ ಹಾಡು. ‘ದುಬುಲ ಇಬುನು’ ಬಂದೂಕು ಎದುರಿಗಿದ್ದವರ ಕೈಯಲ್ಲಿದ್ದಾಗ, ಬರಿಗೈಯವರು ತಮ್ಮ ಹೆದರಿಕೆಯನ್ನು ಹೆದರಿಸಲು ಹಾಡಿದ್ದು. ನನಗೆ ಇರುಸುಮುರುಸಾಗುವುದು ಹಾಡಿನಿಂದಲ್ಲ, ಅದನ್ನು ಈಗ ಹಾಡುವವರಿಂದ. ಮಲೇಮಾ ಹುಟ್ಟಿದ್ದು 1981ರಲ್ಲಿ; 1994ರ ಚುನಾವಣೆಯ ಹೊತ್ತಿಗೆ ಅವರಿಗೆ ಹದಿಮೂರು ವರ್ಷ. ಗೆರಿಲ್ಲಾ ಶಿಬಿರದಲ್ಲಿ ಇದನ್ನು ಹಾಡಿದವರು ಬಹುಪಾಲು ಸುಮ್ಮನಾಗಿದ್ದಾರೆ. ಹಾಡುತ್ತಿರುವವರು ಅದನ್ನು ಕೇಳಿ ಕಲಿತವರು, ಕ್ಯಾಮೆರಾ ಇರುವಲ್ಲಿ ಹಾಡುವವರು.

ಆದರೆ ಅವರಿಗೆ ಕೇಳುಗರು ಯಾಕೆ ಸಿಗುತ್ತಾರೆ ಎಂದೂ ಕೇಳಬೇಕಲ್ಲವೇ? 1913ರ ಭೂ ಕಾಯ್ದೆ ದೇಶದ ಬಹುಸಂಖ್ಯಾತರಿಗೆ ಮೊದಲು ಶೇ 7ರಷ್ಟು, 1936ರ ತಿದ್ದುಪಡಿಯ ಬಳಿಕ ಸುಮಾರು ಶೇ 13ರಷ್ಟು ನೆಲವನ್ನು ಮಾತ್ರ ಬಿಟ್ಟುಕೊಟ್ಟಿತ್ತು. ಸರ್ಕಾರ 2017ರಲ್ಲಿ ನಡೆಸಿದ ಲೆಕ್ಕಪರಿಶೋಧನೆಯ ಪ್ರಕಾರ ವ್ಯಕ್ತಿಗಳ ಹೆಸರಿನಲ್ಲಿರುವ ಕೃಷಿಭೂಮಿಯಲ್ಲಿ ಶೇ 72ರಷ್ಟು ಬಿಳಿಯರದೇ. 2022ರ ಜನಗಣತಿಯಲ್ಲಿ ಅವರ ಪ್ರಮಾಣ ಶೇ 7.3. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ನಿಂತೇ ಮಲೇಮಾ ಹಾಡುವುದು. ಟ್ರಂಪ್ ಅವರು ತೋರಿಸಿದ ದೃಶ್ಯದಲ್ಲಿ ಹಾಡಿತ್ತು, ಈ ಅಂಕಿಗಳಿರಲಿಲ್ಲ.

ರೈತರ ಹತ್ಯೆಗಳು ನಿಜ, ಮತ್ತು ಅವುಗಳಲ್ಲಿ ಕೆಲವು ಮೈ ನಡುಗಿಸುವಷ್ಟು ಕ್ರೂರ. ಆದರೆ ವರ್ಷಕ್ಕೆ ಸುಮಾರು 27,000 ಕೊಲೆಗಳು ನಡೆಯುವ ದೇಶದಲ್ಲಿ ಕೃಷಿಭೂಮಿಗಳಲ್ಲಿ ನಡೆಯುವವು, ರೈತಪರ ಸಂಘಟನೆಗಳೇ ಕೊಡುವ ಲೆಕ್ಕದಲ್ಲಿ, ಸುಮಾರು 50. ಸಾಯುವವರಲ್ಲಿ ಕರಿಯ ಕೂಲಿಯಾಳುಗಳೂ ಕರಿಯ ರೈತರೂ ಇದ್ದಾರೆ. ಹೆಚ್ಚಿನವು ದರೋಡೆಗಾಗಿ ನಡೆದವು. ಇದನ್ನು ಜನಾಂಗಹತ್ಯೆ ಎಂದು ಕರೆಯುವವರು ಒಂಟಿಮನೆಯ ರೈತನ ನಿಜವಾದ ಭಯಕ್ಕೂ ನ್ಯಾಯ ಮಾಡುತ್ತಿಲ್ಲ. ಅವನಿಗೆ ಬೇಕಾಗಿರುವುದು ಫೋನು ಮಾಡಿದರೆ ಹದಿನೈದು ನಿಮಿಷದಲ್ಲಿ ಬರುವ ಪೊಲೀಸ್ ಗಾಡಿ.

ಹಾಡುವುದು ಸರಿಯೇ ಎಂದು ನೇರವಾಗಿ ಕೇಳಿದ್ದೀರಿ. ನಿಷೇಧ ಬೇಡ, ಆದರೆ 2012ರ ಆ ಸಂಯಮದ ಮಾತಿಗೆ ಎಎನ್‌ಸಿಯ ಹಿರಿಯರು ಒಪ್ಪಿದಾಗ ಅವರು ಸೋತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಸಮಾಧಿಯ ಬಳಿ ಹಾಡಲಿ, ಶಾರ್ಪ್‌ವಿಲ್ ದಿನದಂದು, 1960ರಲ್ಲಿ ಅಲ್ಲಿ ಪೊಲೀಸರ ಗುಂಡಿಗೆ ಬಲಿಯಾದ 69 ಜನರ ನೆನಪಿಗೆ ಹಾಡುವುದಾದರೆ ಅದಕ್ಕೆಂದೇ ಕಟ್ಟಿದಂತಿರುವ ‘ಸೆನ್ಝೇನಿ ನಾ’ ಇದೆ, ‘ನಾವೇನು ಮಾಡಿದ್ದೆವು’ ಎಂದು ಕೇಳುವ ಹಾಡು. ಅದನ್ನು ಕೇಳಿ ಎದ್ದುಹೋಗುವ ಆಫ್ರಿಕಾನರನನ್ನು ನಾನು ಕಂಡಿಲ್ಲ. ಮತ ಕೇಳುವ ವೇದಿಕೆಯ ಮೇಲೆ ಬಾಯಲ್ಲಿ ಬಂದೂಕಿನ ಸದ್ದು ಮಾಡುವುದು ಬೇರೆ.

ಪ್ರತಿಕ್ರಿಯೆ: ಪದಮೂಲ

ಒಪ್ಪದವ ಅವರು ಗೌಡ ಮತ್ತು ಕೂಲಿಯಾಳಿನ ಮಾತನ್ನು ಎತ್ತಿದ್ದರಿಂದ ಒಂದೇ ಒಂದು ತಿದ್ದುಪಡಿ. ಈ ಹಾಡಿನಲ್ಲಿ ಬೈಯುತ್ತಿದ್ದವನು ಕೂಲಿಯಾಳು, ಬೈಸಿಕೊಂಡವನು ಗೌಡ. ಆದರೆ ಈಗ ಕೂಲಿಯಾಳಿನ ಮಗ ಸಂಸತ್ತಿನಲ್ಲಿ ಕುಳಿತಿರುವಾಗ ಅದು ಅದೇ ಬೈಗುಳವಾಗಿ ಉಳಿದಿದೆಯೇ ಎಂದು ನೀವು ಕೇಳಿದರೆ, ಡರ್ಬನ್ ಹಳಬರ ಬರಹವನ್ನು ಓದಿದ ಮೇಲೆ ನಾನು ಮೊದಲಿನಷ್ಟು ಖಚಿತವಾಗಿ ಉತ್ತರಿಸಲಾರೆ. 2022ರ ನ್ಯಾಯಾಲಯದ ತೀರ್ಮಾನ ಸರಿಯೆಂಬ ನನ್ನ ನಿಲುವು ಮಾತ್ರ ಬದಲಾಗಿಲ್ಲ.

ಪ್ರತಿಕ್ರಿಯೆ: ಹೈವೆಲ್ಡ್ ಕನ್ನಡಿಗ

ಇಷ್ಟು ತಾಳ್ಮೆಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳ ಸಾರವನ್ನು ಇಬ್ಬರು ಸಹೋದ್ಯೋಗಿಗಳಿಗೂ ಬೇರೆಬೇರೆಯಾಗಿ ಹೇಳಿದೆ. ಆಫ್ರಿಕಾನರ್ ಗೆಳೆಯರು ಮೇಲ್ಮನವಿ ನ್ಯಾಯಾಲಯದ ಆ ‘ತಿಳಿವಳಿಕೆಯುಳ್ಳ ಸಮಂಜಸ ಕೇಳುಗ’ನ ಮಾತನ್ನು ಕೇಳಿ ನಕ್ಕರು. ‘ಆ ಕೇಳುಗ ನಾನೇ ಇರಬೇಕು, ಇದು ರಾಜಕೀಯದ ಕುಣಿತ ಎಂದು ನನಗೂ ಗೊತ್ತು. ಆದರೆ ರಾತ್ರಿ ನಾಯಿ ಬೊಗಳಿದರೆ ಎದ್ದು ಕೂರುವುದು ನನ್ನ ತಾಯಿ, ನಾನಲ್ಲ’ ಎಂದರು. 2012ರ ರಾಜಿಯ ವಿಷಯ ಅವರಿಗೆ ತಿಳಿದೇ ಇರಲಿಲ್ಲ.

ಇನ್ನೊಬ್ಬ ಗೆಳೆಯರು ತುಸು ಹೊತ್ತು ಸುಮ್ಮನಿದ್ದು, ತಮ್ಮ ತಂದೆ ಜಾಂಬಿಯಾದಿಂದ ಮರಳಿದ ಮೊದಲ ವರ್ಷಗಳಲ್ಲಿ ಪಾತ್ರೆ ತೊಳೆಯುತ್ತ ಅದನ್ನು ಗುನುಗುತ್ತಿದ್ದದ್ದು ನಿಜವೆಂದೂ, ಯಾವುದೋ ಒಂದು ಹಂತದಲ್ಲಿ ಅದು ನಿಂತುಹೋಯಿತೆಂದೂ, ಯಾಕೆ ನಿಂತಿತೆಂದು ತಾವು ಎಂದೂ ಕೇಳಲಿಲ್ಲವೆಂದೂ ಹೇಳಿದರು. ತಂದೆ ಈಗಿಲ್ಲ. ಡಿಸೆಂಬರ್ ರಜೆಗೆ ಊರಿಗೆ ಹೋದಾಗ ತಾಯಿಯನ್ನು ಕೇಳುತ್ತೇನೆ ಎಂದಿದ್ದಾರೆ. ಏನು ಹೇಳಿದರೆಂದು ತಿಳಿದರೆ ಇಲ್ಲಿಯೇ ಬರೆಯುತ್ತೇನೆ.